ಇಬ್ನ್ ಖಲ್ದೂನ್: ತೆರಿಗೆ ವಸೂಲಿಗೆ ಹೋಗಿದ್ದ ಇತಿಹಾಸಕಾರ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಸರ್ಕಾರದ ಬಜೆಟ್ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಖರ್ಚಿಗೆ ಹಣ ಸಾಲದಿದ್ದರೆ ಸರ್ಕಾರ ತೆರಿಗೆಯನ್ನು ಇನ್ನಷ್ಟು ಏರಿಸಿದರಾಯಿತಲ್ಲ, ಸಾಲ ಏಕೆ ಮಾಡಬೇಕು ಎಂದು ಒಬ್ಬರು ಕೇಳುತ್ತಾರೆ. ತೆರಿಗೆ ಇಳಿಸಿದರೆ ವ್ಯಾಪಾರ ಹೆಚ್ಚಾಗಿ ಹಣ ತಾನಾಗಿಯೇ ಬರುತ್ತದಲ್ಲ ಎಂದು ಹಿಂದಿನ ಬೆಂಚಿನಿಂದ ಇನ್ನೊಬ್ಬರು ಕೇಳುತ್ತಾರೆ. ಬೆಲ್ ಹೊಡೆಯುತ್ತದೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಈ ಎರಡು ಪ್ರಶ್ನೆಗಳನ್ನೂ ಸುಮಾರು 650 ವರ್ಷಗಳ ಹಿಂದೆ ಈಗಿನ ಅಲ್ಜೀರಿಯಾದ ಒಂದು ಒಂಟಿ ಕೋಟೆಯಲ್ಲಿ ಕುಳಿತು ಯೋಚಿಸಿದವರೊಬ್ಬರಿದ್ದಾರೆ. ಅವರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಅವರು ಹೇಳಿದ್ದರಲ್ಲಿ ಅರ್ಧವನ್ನಷ್ಟೇ ಕೇಳಿದ್ದೇವೆ ಎಂಬುದು ನನ್ನ ಅನಿಸಿಕೆ.

ಅಬ್ದುರ್ರಹ್ಮಾನ್ ಇಬ್ನ್ ಖಲ್ದೂನ್ ಹುಟ್ಟಿದ್ದು 1332ರ ಮೇ 27ರಂದು, ಟುನೀಸ್ ನಗರದಲ್ಲಿ. ಹಿಜರಿ ಲೆಕ್ಕದಲ್ಲಿ ಅದು 732ರ ರಮಝಾನ್ ತಿಂಗಳ ಮೊದಲ ದಿನ. ಅವರ ಮನೆತನದ ಮೂಲ ಯೆಮೆನ್ ಕಡೆಯ ಹದ್ರಮೌತ್. ಶತಮಾನಗಳ ಕಾಲ ಸ್ಪೇನಿನ ಸೆವಿಲ್ ನಗರದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದ ಮನೆತನ ಅದು. 1248ರಲ್ಲಿ ಸೆವಿಲ್ ಕ್ರೈಸ್ತ ರಾಜರ ಕೈಸೇರುವ ಮೊದಲೇ ಅವರು ಸಮುದ್ರ ದಾಟಿ ಆಫ್ರಿಕಾಕ್ಕೆ ಬಂದಿದ್ದರು. ಬಾಲಕ ಅಬ್ದುರ್ರಹ್ಮಾನ್ ಕುರ್‌ಆನ್ ಕಂಠಪಾಠ ಮಾಡಿದರು. ಹದೀಸ್, ಕಾನೂನು, ವ್ಯಾಕರಣ, ತರ್ಕ, ಗಣಿತ ಕಲಿತರು.

ಅವರಿಗೆ ಹದಿನಾರು-ಹದಿನೇಳು ವಯಸ್ಸು, ಅಂದರೆ ನಿಮ್ಮದೇ ವಯಸ್ಸು ಆಗಿದ್ದಾಗ ಪ್ಲೇಗ್ ಬಂತು. 1348-49ರ ಆ ಮಹಾಮಾರಿ ಏಷ್ಯಾ, ಯುರೋಪ್, ಆಫ್ರಿಕಾಗಳ ಊರೂರನ್ನೇ ಖಾಲಿ ಮಾಡಿತು. ಇಬ್ನ್ ಖಲ್ದೂನ್ ಅವರ ತಂದೆ-ತಾಯಿ ಇಬ್ಬರೂ ಅದರಲ್ಲಿ ತೀರಿಕೊಂಡರು. ಪಾಠ ಹೇಳುತ್ತಿದ್ದ ಗುರುಗಳಲ್ಲಿ ಅನೇಕರು ಹೋದರು. ಜನ ಕಡಿಮೆಯಾದರೆ ನಗರ ಏನಾಗುತ್ತದೆ, ಮಾರುಕಟ್ಟೆ ಏನಾಗುತ್ತದೆ, ರಾಜನ ಬೊಕ್ಕಸ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ.

ಇಪ್ಪತ್ತರ ಆಸುಪಾಸಿನಲ್ಲಿ ಅವರಿಗೆ ಟುನೀಸ್ ಆಸ್ಥಾನದಲ್ಲಿ ಕೆಲಸ ಸಿಕ್ಕಿತು. ರಾಜನ ಪತ್ರಗಳ ಮೇಲೆ ಅಧಿಕೃತ ಒಕ್ಕಣೆ ಬರೆಯುವ ಕೆಲಸ. ಹೆಚ್ಚು ದಿನ ಅಲ್ಲಿ ನಿಲ್ಲದೆ ಮೊರಾಕ್ಕೊದ ಫೆಝ್ ನಗರಕ್ಕೆ ಹೋದರು. ಆಗ ಉತ್ತರ ಆಫ್ರಿಕಾ ಮೂರು ರಾಜವಂಶಗಳ ನಡುವೆ ಹಂಚಿಹೋಗಿತ್ತು. ಒಬ್ಬ ಸುಲ್ತಾನ ಏರುವುದು, ಇನ್ನೊಬ್ಬ ಬೀಳುವುದು, ಮಂತ್ರಿಗಳು ಪಕ್ಷ ಬದಲಿಸುವುದು ದಿನನಿತ್ಯದ ಮಾತು. ಇಬ್ನ್ ಖಲ್ದೂನ್ ಅವರೂ ಪಕ್ಷ ಬದಲಿಸಿದವರೇ. ಒಂದಲ್ಲ, ಹಲವು ಬಾರಿ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ, ಅವರೇ ತಮ್ಮ ಆತ್ಮಕಥೆಯಲ್ಲಿ ಹೆಚ್ಚೇನೂ ಮುಚ್ಚಿಟ್ಟಿಲ್ಲ. ಫೆಝ್‌ನ ಸುಲ್ತಾನ ಅಬೂ ಇನಾನ್‌ಗೆ ಅವರ ಮೇಲೆ ಸಂಶಯ ಬಂದು 1357ರಲ್ಲಿ ಸೆರೆಮನೆಗೆ ಹಾಕಿಸಿದ. ಸುಲ್ತಾನ ಸಾಯುವವರೆಗೆ, ಸುಮಾರು 21 ತಿಂಗಳು, ಅವರು ಅಲ್ಲೇ ಇದ್ದರು.

ಆ ಫೆಝ್ ಆಸ್ಥಾನದಲ್ಲಿ ನಡೆದ ಒಂದು ಪ್ರಸಂಗಕ್ಕೂ ನಮ್ಮ ದೇಶಕ್ಕೂ ಸಂಬಂಧವಿದೆ. ಪ್ರವಾಸಿ ಇಬ್ನ್ ಬತೂತ ಭಾರತದಿಂದ ಮರಳಿ ಅಲ್ಲಿಗೆ ಬಂದಿದ್ದರು. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಬರೆದ ಇಬ್ನ್ ಬತೂತರೇ ಇವರು. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಬಳಿ ಖಾಝಿಯಾಗಿದ್ದವರು. ತುಘಲಕ್ ಪ್ರವಾಸ ಹೊರಡುವ ಮುನ್ನ ನಗರದ ಜನರನ್ನೆಲ್ಲ ಎಣಿಸಿ, ಆರು ತಿಂಗಳಿಗೆ ಬೇಕಾದ ದಿನಸಿಯನ್ನು ತನ್ನ ಖರ್ಚಿನಲ್ಲೇ ಕೊಡಿಸುತ್ತಿದ್ದನಂತೆ. ಹಿಂದಿರುಗಿದ ದಿನ ಕಲ್ಲು ಬೀರುವ ಯಂತ್ರಗಳಿಂದ ನಾಣ್ಯದ ಚೀಲಗಳನ್ನು ಜನರ ಮೇಲೆ ತೂರಿಸುತ್ತಿದ್ದನಂತೆ. ಆಸ್ಥಾನದವರು ಇದೆಲ್ಲ ಬುರುಡೆ ಎಂದು ಪಿಸುಗುಟ್ಟಿದರು. ಯುವಕ ಇಬ್ನ್ ಖಲ್ದೂನ್ ಕೂಡ ನಂಬಲಿಲ್ಲ. ನೀನು ನೋಡಿಲ್ಲ ಎಂಬ ಒಂದೇ ಕಾರಣಕ್ಕೆ ಅಲ್ಲಗಳೆಯಬೇಡ ಎಂದು ಒಬ್ಬ ಮಂತ್ರಿ ಅವರನ್ನು ಎಚ್ಚರಿಸಿದ. ಈ ಘಟನೆಯನ್ನು ಅವರೇ ಮುಂದೆ ತಮ್ಮ ಪುಸ್ತಕದಲ್ಲಿ ಬರೆದಿಟ್ಟರು. ಅದೇ ತುಘಲಕ್ ದೋಆಬ್ ಪ್ರದೇಶದಲ್ಲಿ ಬರಗಾಲದ ಹೊತ್ತಿನಲ್ಲಿ ಕಂದಾಯ ಏರಿಸಿದ್ದು, ರೈತರು ಹೊಲ ಬಿಟ್ಟು ಓಡಿದ್ದು, ಬೆಳ್ಳಿಯ ಬದಲು ತಾಮ್ರದ ನಾಣ್ಯ ಹೊರಡಿಸಿ ಖಜಾನೆ ಬರಿದಾಗಿದ್ದು ನಮ್ಮ ಇತಿಹಾಸ ಪಠ್ಯದಲ್ಲಿದೆ. ಗಿರೀಶ್ ಕಾರ್ನಾಡರ ನಾಟಕ ಓದಿದವರಿಗೂ ಗೊತ್ತು.

1362ರಲ್ಲಿ ಇಬ್ನ್ ಖಲ್ದೂನ್ ಸ್ಪೇನಿನ ಗ್ರನಾಡಕ್ಕೆ ಹೋದರು. 1364ರಲ್ಲಿ ಅಲ್ಲಿನ ಸುಲ್ತಾನನ ರಾಯಭಾರಿಯಾಗಿ ಸೆವಿಲ್‌ಗೆ, ಕ್ರೈಸ್ತ ರಾಜ ಪೆಡ್ರೊನ ಬಳಿಗೆ ಹೋಗುವ ಅವಕಾಶ ಬಂತು. ತನ್ನಲ್ಲೇ ಉಳಿದರೆ ಪೂರ್ವಜರ ಆಸ್ತಿಯನ್ನೆಲ್ಲ ಮರಳಿ ಕೊಡುವುದಾಗಿ ಪೆಡ್ರೊ ಹೇಳಿದ. ಅವರು ಒಪ್ಪದೆ ಹಿಂತಿರುಗಿದರು.

ನಮ್ಮ ವಿಷಯಕ್ಕೆ ಮುಖ್ಯವಾದ ವರ್ಷ 1365. ಈಗಿನ ಅಲ್ಜೀರಿಯಾದ ಕರಾವಳಿಯಲ್ಲಿರುವ ಬಿಜಾಯ ಎಂಬ ನಗರದ ಅರಸ ಅವರನ್ನು ಕರೆಸಿಕೊಂಡು ಪ್ರಧಾನಮಂತ್ರಿ ಮಾಡಿದ. ಬೆಳಿಗ್ಗೆ ರಾಜ್ಯದ ಕೆಲಸ, ಅದು ಮುಗಿದ ಮೇಲೆ ಮಸೀದಿಯಲ್ಲಿ ಪಾಠ. ಅರಸನಿಗೆ ಯುದ್ಧದ ಖರ್ಚು ವಿಪರೀತವಾಗಿತ್ತು. ಬೆಟ್ಟದ ಬರ್ಬರ್ ಬುಡಕಟ್ಟುಗಳು ವರ್ಷಗಳಿಂದ ತೆರಿಗೆ ಕೊಟ್ಟಿರಲಿಲ್ಲ. ಪ್ರಧಾನಮಂತ್ರಿಯೇ ಸೈನಿಕರೊಂದಿಗೆ ಬೆಟ್ಟ ಹತ್ತಿ, ಅವರ ಕಡೆಯವರನ್ನು ಒತ್ತೆಯಾಗಿ ಹಿಡಿದು ತೆರಿಗೆ ವಸೂಲು ಮಾಡಿ ತಂದರು. ಹಣ ಬಂತು, ಆದರೆ ರಾಜ್ಯ ಉಳಿಯಲಿಲ್ಲ. 1366ರಲ್ಲಿ ಅರಸ ತನ್ನ ಸೋದರಸಂಬಂಧಿಯೊಡನೆ ನಡೆದ ಯುದ್ಧದಲ್ಲಿ ಸತ್ತ. ಇಬ್ನ್ ಖಲ್ದೂನ್ ಗೆದ್ದವನಿಗೆ ನಗರವನ್ನು ಒಪ್ಪಿಸಿ, ಸ್ವಲ್ಪ ಕಾಲದಲ್ಲೇ ಅಲ್ಲಿಂದ ಜಾಗ ಖಾಲಿ ಮಾಡಿದರು.

ಒಂದು ವಿಷಯವನ್ನು ಇಲ್ಲಿ ಗಮನಿಸಬೇಕು. ತೆರಿಗೆಯ ಬಗ್ಗೆ ಬರೆದ ವಿದ್ವಾಂಸರು ಬಹಳ ಮಂದಿ ಇದ್ದಾರೆ. ಕತ್ತಿ ಹಿಡಿದವರನ್ನು ಜೊತೆಗೆ ಕರೆದುಕೊಂಡು, ಕೊಡಲು ಮನಸ್ಸಿಲ್ಲದವರ ಮನೆ ಬಾಗಿಲಿಗೆ ಹೋಗಿ ತೆರಿಗೆ ತಂದವರು ಅವರಲ್ಲಿ ಕಡಿಮೆ.

ಮುಂದಿನ ಒಂಬತ್ತು-ಹತ್ತು ವರ್ಷ ಒಬ್ಬರ ಪರವಾಗಿ ಬುಡಕಟ್ಟುಗಳನ್ನು ಒಗ್ಗೂಡಿಸುವುದು, ಇನ್ನೊಬ್ಬರಿಂದ ತಪ್ಪಿಸಿಕೊಳ್ಳುವುದು, ಹೀಗೇ ಕಳೆಯಿತು. ಕೊನೆಗೆ ರಾಜಕೀಯ ಸಾಕೆನಿಸಿ 1375ರಲ್ಲಿ ಔಲಾದ್ ಆರಿಫ್ ಎಂಬ ಬುಡಕಟ್ಟಿನವರ ಆಶ್ರಯ ಪಡೆದರು. ಅವರು ಫ್ರೆಂಡ ಎಂಬ ಊರಿನ ಸಮೀಪದ ಇಬ್ನ್ ಸಲಾಮ ಕೋಟೆಯಲ್ಲಿ ಇರಲು ಜಾಗ ಕೊಟ್ಟರು. ಹೆಂಡತಿ-ಮಕ್ಕಳೊಡನೆ ಸುಮಾರು ನಾಲ್ಕು ವರ್ಷ ಅಲ್ಲಿದ್ದರು. ಗ್ರಂಥಾಲಯವಿಲ್ಲ, ಆಸ್ಥಾನವಿಲ್ಲ, ಕರೆಯಲು ಬರುವ ದೂತರಿಲ್ಲ. 1377ರಲ್ಲಿ, ಐದೇ ತಿಂಗಳಲ್ಲಿ, ತಾವು ಬರೆಯಲಿದ್ದ ಲೋಕಚರಿತ್ರೆಗೆ ಮುನ್ನುಡಿಯನ್ನು ಬರೆದು ಮುಗಿಸಿದರು. ಅದೇ ಮುಕದ್ದಿಮ. ಮುನ್ನುಡಿ ಎಂಬುದೇ ಆ ಪದದ ಅರ್ಥ. ಇಂದು ಮೂಲ ಚರಿತ್ರೆಗಿಂತ ಈ ಮುನ್ನುಡಿಯೇ ಹೆಚ್ಚು ಪ್ರಸಿದ್ಧ.

ರಾಜವಂಶಗಳು ಏಕೆ ಏಳುತ್ತವೆ, ಏಕೆ ಬೀಳುತ್ತವೆ ಎಂಬುದು ಆ ಪುಸ್ತಕದ ಪ್ರಶ್ನೆ. ಮರುಭೂಮಿಯಿಂದಲೋ ಬೆಟ್ಟದಿಂದಲೋ ಬಂದ ಗಟ್ಟಿ ಒಗ್ಗಟ್ಟಿನ ಜನ ರಾಜ್ಯ ಕಟ್ಟುತ್ತಾರೆ. ಅವರ ಮಕ್ಕಳು ಅರಮನೆಯ ಸುಖಕ್ಕೆ ಒಗ್ಗುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಒಗ್ಗಟ್ಟು ಕರಗಿಹೋಗುತ್ತದೆ. ತಲೆಮಾರಿಗೆ 40 ವರ್ಷದಂತೆ ಮೂರು ತಲೆಮಾರು, ಒಟ್ಟು 120 ವರ್ಷ ಸಾಮಾನ್ಯವಾಗಿ ಒಂದು ರಾಜವಂಶದ ಆಯುಸ್ಸು ಎಂಬುದು ಅವರ ಲೆಕ್ಕ. ತೆರಿಗೆಯ ಮಾತು ಬರುವುದು ಈ ಲೆಕ್ಕದ ನಡುವೆ.

ರಾಜ್ಯ ಹೊಸದಾಗಿದ್ದಾಗ ಅರಸನ ಖರ್ಚು ಕಡಿಮೆ. ಝಕಾತ್, ಭೂಮಿಯ ಖರಾಜ್, ಜಿಝ್ಯ ಮುಂತಾದ ಶರೀಅತ್ ನಿಗದಿ ಮಾಡಿದ ತೆರಿಗೆಗಳಷ್ಟೇ ಸಾಕಾಗುತ್ತವೆ, ಅವುಗಳಿಗೆ ಮಿತಿ ಇದೆ. ಕೈಯಲ್ಲಿ ಲಾಭ ಉಳಿಯುವುದರಿಂದ ಜನರಿಗೆ ಉತ್ಸಾಹ ಬರುತ್ತದೆ. ಬೀಳು ಬಿದ್ದ ನೆಲ ಉಳುತ್ತಾರೆ, ಅಂಗಡಿ ತೆರೆಯುತ್ತಾರೆ. ತೆರಿಗೆ ಕೊಡುವವರ ಸಂಖ್ಯೆಯೇ ಬೆಳೆದು, ದರ ಕಡಿಮೆಯಿದ್ದರೂ ಒಟ್ಟು ವರಮಾನ ಹೆಚ್ಚುತ್ತದೆ. ಕಾಲ ಕಳೆದಂತೆ ಅರಮನೆಯ ವೈಭವ ಬೆಳೆಯುತ್ತದೆ, ಸೈನಿಕರಿಗೆ ಹೆಚ್ಚು ಸಂಬಳ ಬೇಕಾಗುತ್ತದೆ. ದರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಯಾರು ಏರಿಸಿದರು, ಯಾವಾಗ ಏರಿಸಿದರು ಎಂಬುದೇ ಜನರಿಗೆ ತಿಳಿಯುವುದಿಲ್ಲ, ಅದೊಂದು ರೂಢಿಯಾಗಿಬಿಡುತ್ತದೆ. ಒಂದು ದಿನ ರೈತನೂ ವ್ಯಾಪಾರಿಯೂ ತಮ್ಮ ಖರ್ಚನ್ನೂ ಕೈಗೆ ಉಳಿದದ್ದನ್ನೂ ಹೋಲಿಸಿ ನೋಡುತ್ತಾರೆ. ದುಡಿದು ಫಲವಿಲ್ಲ ಎನಿಸಿದವರು ಕೆಲಸ ನಿಲ್ಲಿಸುತ್ತಾರೆ. ವರಮಾನ ಇಳಿಯುತ್ತದೆ. ಇಳಿದದ್ದನ್ನು ತುಂಬಲು ಅರಸ ದರವನ್ನು ಮತ್ತೆ ಏರಿಸುತ್ತಾನೆ. ಇನ್ನಷ್ಟು ಜನ ಕೆಲಸ ಬಿಡುತ್ತಾರೆ.

ಇದನ್ನು ಬೋರ್ಡಿನ ಮೇಲೆ ಒಂದು ಕಾಲ್ಪನಿಕ ಲೆಕ್ಕವಾಗಿ ಬರೆಯೋಣ. ಒಂದು ಪೇಟೆಯಲ್ಲಿ 100 ಅಂಗಡಿ, ಒಂದೊಂದಕ್ಕೂ 1000 ನಾಣ್ಯ ಲಾಭ. ತೆರಿಗೆ ಶೇಕಡಾ 10 ಇದ್ದರೆ ಖಜಾನೆಗೆ 10,000. ದರ ಶೇಕಡಾ 20 ಆಯಿತು, ಹತ್ತು ಅಂಗಡಿ ಮುಚ್ಚಿದವು. ಉಳಿದ 90ರಿಂದ 18,000 ಬರುತ್ತದೆ. ಅರಸನಿಗೆ ಸಂತೋಷ. ದರ ಶೇಕಡಾ 60 ಆದಾಗ 25 ಅಂಗಡಿ ಮಾತ್ರ ಉಳಿದರೆ ಬರುವುದು 15,000. ಗಾಬರಿಯಾಗಿ ಶೇಕಡಾ 80ಕ್ಕೆ ಏರಿಸಿದ, 10 ಅಂಗಡಿ ಉಳಿದವು, ಬಂದದ್ದು 8,000. ಮೊದಲಿನ ಏರಿಕೆಯಲ್ಲಿ ವರಮಾನ ಹೆಚ್ಚಾಯಿತು, ನಂತರ ಕುಸಿಯಿತು ಎಂಬುದನ್ನು ನೋಡಿ. ತೆರಿಗೆ ಏರಿಸಿದರೆ ಯಾವಾಗಲೂ ನಷ್ಟ ಎಂದಲ್ಲ, ಇಳಿಸಿದರೆ ಯಾವಾಗಲೂ ಲಾಭ ಎಂದೂ ಅಲ್ಲ. ನಾವು ಏರುವ ಇಳಿಜಾರಿನಲ್ಲಿದ್ದೇವೋ ಇಳಿಯುವ ಇಳಿಜಾರಿನಲ್ಲಿದ್ದೇವೋ ಎಂಬುದು ಪ್ರಶ್ನೆ.

ವರಮಾನ ಕುಸಿದ ಅರಸ ಮುಂದೆ ಏನೇನು ಮಾಡುತ್ತಾನೆ ಎಂಬುದನ್ನೂ ಇಬ್ನ್ ಖಲ್ದೂನ್ ಒಂದೊಂದಾಗಿ ಬರೆದಿದ್ದಾರೆ. ಇಂದಿನ ಸರ್ಕಾರದಂತೆ ಬಾಂಡ್ ಮಾರಿ ಸಾಲ ಎತ್ತುವ ಅನುಕೂಲ ಅವರು ಕಂಡ ಅರಸರಿಗೆ ಇರಲಿಲ್ಲ. ಅದಕ್ಕೇ ಪೇಟೆಯ ಸರಕಿನ ಮೇಲೆ, ನಗರದ ಬಾಗಿಲಲ್ಲಿ ಹೊಸ ಸುಂಕ ಹಾಕುತ್ತಾನೆ. ಸಲಾಹುದ್ದೀನ್ ಇಂಥ ಸುಂಕಗಳನ್ನು ಈಜಿಪ್ಟ್ ಮತ್ತು ಸಿರಿಯಾಗಳಲ್ಲಿ ತೆಗೆದುಹಾಕಿದ್ದನ್ನು ಅವರು ನೆನೆಯುತ್ತಾರೆ. ಇಲ್ಲವೇ ಅರಸ ತಾನೇ ವ್ಯಾಪಾರಕ್ಕೆ ಇಳಿಯುತ್ತಾನೆ. ಅವನ ಕೈಯಲ್ಲಿ ಅಧಿಕಾರವಿದೆ, ಬೇಕೆಂದ ಬೆಲೆಗೆ ಕೊಳ್ಳುತ್ತಾನೆ, ಬೇಕೆಂದ ಬೆಲೆಗೆ ವ್ಯಾಪಾರಿಗಳ ತಲೆಗೆ ಕಟ್ಟುತ್ತಾನೆ. ಸಣ್ಣ ವ್ಯಾಪಾರಿಯ ಬಂಡವಾಳ ಮಾರಾಟವಾಗದ ಸರಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅರಸನಿಗೆ ವ್ಯಾಪಾರದಲ್ಲಿ ಬಂದ ಲಾಭ ಆ ವ್ಯಾಪಾರಿಗಳು ಕೊಡುತ್ತಿದ್ದ ತೆರಿಗೆಯ ಮುಂದೆ ಏನೇನೂ ಅಲ್ಲ.

ಇಲ್ಲಿಯವರೆಗಿನದು ಹಲವರಿಗೆ ಗೊತ್ತಿರುವ ಅರ್ಧ. ಇನ್ನರ್ಧ ಕೆಲವೇ ಪುಟಗಳ ನಂತರ ಬರುತ್ತದೆ. ಖರ್ಚು ಕಡಿಮೆ ಮಾಡಿ ಹಣ ಕೂಡಿಡುವ ಅರಸ ಜಾಣನೆಂದು ನಾವು ಭಾವಿಸುತ್ತೇವೆ. ಇಬ್ನ್ ಖಲ್ದೂನ್ ಹಾಗೆ ಭಾವಿಸಲಿಲ್ಲ. ಅವರ ಪ್ರಕಾರ ನಾಡಿನ ಅತಿ ದೊಡ್ಡ ಗಿರಾಕಿ ಸರ್ಕಾರವೇ. ಎಲ್ಲ ಮಾರುಕಟ್ಟೆಗಳಿಗೂ ಅದು ತಾಯಿ ಮಾರುಕಟ್ಟೆ. ಸೈನಿಕರಿಗೆ, ನೌಕರರಿಗೆ ಕೊಡುವ ಸಂಬಳವನ್ನು ಅರಸ ತಡೆಹಿಡಿದರೆ ಅವರು ಪೇಟೆಗೆ ಹೋಗುವುದು ನಿಲ್ಲುತ್ತದೆ. ದರ್ಜಿಗೆ, ಬಡಗಿಗೆ, ಬಟ್ಟೆ ವ್ಯಾಪಾರಿಗೆ ಲಾಭ ಕುಗ್ಗುತ್ತದೆ. ತೆರಿಗೆ ಬರುವುದು ಆ ಲಾಭದಿಂದಲೇ ಆದ್ದರಿಂದ ಖಜಾನೆಯ ವರಮಾನವೂ ಕುಗ್ಗುತ್ತದೆ. ಹಣ ಪ್ರಜೆಗಳಿಂದ ಅರಸನಿಗೆ, ಅರಸನಿಂದ ಪ್ರಜೆಗಳಿಗೆ ಸುತ್ತುತ್ತಿರಬೇಕು. ಅರಸ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಪ್ರಜೆಗಳಿಗೆ ಅದು ಇಲ್ಲದಂತೆಯೇ. ಕೊರತೆ ಮಾಡಿ ಖರ್ಚು ಮಾಡಿ ಎಂದು ಅವರು ಎಲ್ಲೂ ಹೇಳಿಲ್ಲ. ಆದರೆ ಖಾಸಗಿ ಖರ್ಚು ಕುಸಿದಾಗ ಸರ್ಕಾರವೂ ಕೈ ಹಿಡಿದರೆ ಕುಸಿತ ಇನ್ನೂ ಹೆಚ್ಚುತ್ತದೆ, ಅಂಥ ಹೊತ್ತಿನಲ್ಲಿ ಕೊರತೆಯಾದರೂ ಖರ್ಚು ಮಾಡಬೇಕು ಎಂದು 1936ರಲ್ಲಿ ಕೇನ್ಸ್ ವಾದಿಸಿದ್ದನ್ನು ಪಾಠದಲ್ಲಿ ಓದಿದವರಿಗೆ ಈ ಪುಟಗಳು ಪರಿಚಿತವೆನಿಸುತ್ತವೆ.

ಅನ್ಯಾಯದ ಬಗ್ಗೆ ಬರೆಯುವಾಗ ಅವರು ಒಂದು ಹಳೆಯ ಪರ್ಷಿಯನ್ ಕಥೆ ಹೇಳುತ್ತಾರೆ. ಒಂದು ಹೆಣ್ಣು ಗೂಬೆ ಮದುವೆಗೆ ವಧುದಕ್ಷಿಣೆಯಾಗಿ ಇಪ್ಪತ್ತು ಹಾಳೂರುಗಳನ್ನು ಕೇಳಿತಂತೆ. ಬಹರಾಮ್ ರಾಜನ ಆಳ್ವಿಕೆ ಹೀಗೇ ಮುಂದುವರಿದರೆ ಸಾವಿರ ಹಾಳೂರು ಕೊಡುತ್ತೇನೆ ಎಂದಿತಂತೆ ಗಂಡು ಗೂಬೆ. ಗೂಬೆಗಳ ಮಾತನ್ನು ರಾಜನಿಗೆ ಬಿಡಿಸಿ ಹೇಳಿದವನು ಅವನ ಪುರೋಹಿತ. ರೈತರಿಂದ ಭೂಮಿ ಕಿತ್ತು ಆಸ್ಥಾನದವರಿಗೆ ಹಂಚಿದ್ದ ರಾಜ ಅದನ್ನು ಮರಳಿ ಕೊಟ್ಟ, ಊರುಗಳು ಮತ್ತೆ ತುಂಬಿದವು.

1378ರಲ್ಲಿ ಪುಸ್ತಕಗಳನ್ನು ಪರಾಮರ್ಶಿಸಲು ಇಬ್ನ್ ಖಲ್ದೂನ್ ಟುನೀಸ್‌ಗೆ ಮರಳಿದರು. ಅಲ್ಲೂ ಅಸೂಯೆ, ಪಿತೂರಿ. 1382ರಲ್ಲಿ ಹಜ್ಜ್ ಯಾತ್ರೆಯ ಹೆಸರಿನಲ್ಲಿ ಅನುಮತಿ ಪಡೆದು ಹಡಗು ಹತ್ತಿ, ಅಲೆಕ್ಸಾಂಡ್ರಿಯದ ಮೂಲಕ ಕೈರೋ ತಲುಪಿದರು. ಅಲ್ ಅಝ್‌ಹರ್‌ನಲ್ಲಿ ಪಾಠ ಹೇಳಿದರು. 1384ರಲ್ಲಿ ಸುಲ್ತಾನ ಬರ್ಕೂಕ್ ಅವರನ್ನು ಮಾಲಿಕಿ ಪಂಥದ ಮುಖ್ಯ ಖಾಝಿಯಾಗಿ ನೇಮಿಸಿದ. ಸುಳ್ಳು ಸಾಕ್ಷಿಗಳ ಮೇಲೆ, ಪ್ರಭಾವಿಗಳ ಶಿಫಾರಸಿನ ಮೇಲೆ ಕಟ್ಟುನಿಟ್ಟಾಗಿದ್ದುದರಿಂದ ಶತ್ರುಗಳು ಬೇಗ ಹುಟ್ಟಿಕೊಂಡರು. ಅದೇ ದಿನಗಳಲ್ಲಿ ಟುನೀಸ್‌ನಿಂದ ಪತ್ನಿ ಮತ್ತು ಮಕ್ಕಳನ್ನು ಕರೆತರುತ್ತಿದ್ದ ಹಡಗು ಅಲೆಕ್ಸಾಂಡ್ರಿಯದ ಸಮೀಪ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಹದಿಹರೆಯದಲ್ಲಿ ತಂದೆ-ತಾಯಿ, ಐವತ್ತೆರಡನೆಯ ವಯಸ್ಸಿನಲ್ಲಿ ಸಂಸಾರ. ಹುದ್ದೆ ಹೋಯಿತು. ಅವರು ಪಾಠಕ್ಕೆ ಮರಳಿದರು, 1387ರಲ್ಲಿ ಹಜ್ಜ್ ನಿರ್ವಹಿಸಿದರು.

1401ರ ಜನವರಿಯಲ್ಲಿ ತೈಮೂರ್ ಡಮಾಸ್ಕಸ್‌ಗೆ ಮುತ್ತಿಗೆ ಹಾಕಿದಾಗ ಅವರು ಆ ನಗರದೊಳಗಿದ್ದರು. ಬಾಗಿಲು ತೆರೆಯಲು ಕಾವಲಿನವರು ಒಪ್ಪದಿದ್ದಾಗ ಸುಮಾರು ಎಪ್ಪತ್ತರ ಆ ಹಿರಿಯರು ಹಗ್ಗದ ಸಹಾಯದಿಂದ ಕೋಟೆ ಗೋಡೆ ಇಳಿದು ತೈಮೂರನ ಗುಡಾರಕ್ಕೆ ಹೋದರು. ಕುರ್‌ಆನಿನ ಪ್ರತಿ, ನಮಾಝಿನ ಚಾಪೆ, ಒಂದು ಕಾವ್ಯದ ಪ್ರತಿ, ಕೈರೋದ ಮಿಠಾಯಿಯ ನಾಲ್ಕು ಪೆಟ್ಟಿಗೆಗಳನ್ನು ಉಡುಗೊರೆ ಕೊಟ್ಟರು. ತೈಮೂರ್ ಅವರಿಂದ ಉತ್ತರ ಆಫ್ರಿಕಾದ ವಿವರಗಳನ್ನು ಬರೆಸಿಕೊಂಡ, ಅವರ ಹೇಸರಗತ್ತೆಯನ್ನೂ ಕೊಂಡುಕೊಂಡ. ಅವರಿಗೆ ಪ್ರಾಣ ಉಳಿಯಿತು. ಡಮಾಸ್ಕಸ್ ಲೂಟಿಯಾಗಿ ಉರಿಯಿತು.

ಕೈರೋದ ಕೊನೆಯ ವರ್ಷಗಳಲ್ಲಿ ಅವರ ಪುಸ್ತಕದ ಪುಟಗಳು ಅವರ ಕಣ್ಣೆದುರೇ ನಡೆಯುತ್ತಿದ್ದವು. ಬೆಳ್ಳಿಯ ನಾಣ್ಯ ಅಪರೂಪವಾಗಿ ತಾಮ್ರದ ನಾಣ್ಯ ತುಂಬಿತು, ಬೆಲೆ ಏರಿತು, ಕ್ಷಾಮ ಬಂತು. ಅವರ ಪಾಠಗಳನ್ನು ಕೇಳಿದ್ದ ಅಲ್ ಮಕ್ರೀಝಿ ಆ ಕ್ಷಾಮದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಹುದ್ದೆಗಳನ್ನು ಹಣಕ್ಕೆ ಮಾರಿದ್ದು, ಭೂಮಿಯ ಗೇಣಿ ಏರಿಸಿದ್ದು, ತಾಮ್ರದ ನಾಣ್ಯವನ್ನು ಮಿತಿಯಿಲ್ಲದೆ ಹೊರಡಿಸಿದ್ದು ಕಾರಣವೆಂದು ಅವರು ತೋರಿಸಿದರು. ಹಣ ಕೊಟ್ಟು ಹುದ್ದೆ ಕೊಂಡವನು ಆ ಹಣವನ್ನು ರೈತನಿಂದಲೇ ಎತ್ತಬೇಕಲ್ಲ!

ಆರನೆಯ ಬಾರಿ ಖಾಝಿಯಾಗಿ ನೇಮಕಗೊಂಡು ಕೆಲವೇ ವಾರಗಳಲ್ಲಿ, 1406ರ ಮಾರ್ಚ್ 17ರಂದು ಇಬ್ನ್ ಖಲ್ದೂನ್ ನಿಧನರಾದರು. ಕೈರೋದ ಬಾಬುನ್ನಸ್ರ್ ದ್ವಾರದ ಹೊರಗಿನ ಸೂಫಿಗಳ ಖಬರಸ್ಥಾನದಲ್ಲಿ ಅವರನ್ನು ದಫನ ಮಾಡಲಾಯಿತು.

1974ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಲ್ಯಾಫರ್ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಊಟದ ಹೊತ್ತಿಗೆ ಕರವಸ್ತ್ರದ ಮೇಲೆ ಒಂದು ರೇಖೆ ಬರೆದು ತೋರಿಸಿದರೆಂಬ ಕಥೆಯಿದೆ. ದರ ಸೊನ್ನೆಯಾದರೂ ವರಮಾನ ಸೊನ್ನೆ, ನೂರಾದರೂ ಸೊನ್ನೆ. ಇದು ತನ್ನ ಶೋಧವಲ್ಲ, ಇಬ್ನ್ ಖಲ್ದೂನ್ ಹೇಳಿದ್ದೇ ಎಂದು ಲ್ಯಾಫರ್ ಒಪ್ಪಿಕೊಂಡಿದ್ದಾರೆ. 1981ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಇಬ್ನ್ ಖಲ್ದೂನ್ ಹೆಸರನ್ನೇ ಹೇಳಿ ತಮ್ಮ ತೆರಿಗೆ ಕಡಿತವನ್ನು ಸಮರ್ಥಿಸಿಕೊಂಡರು. ಆದಾಯ ತೆರಿಗೆಯ ಗರಿಷ್ಠ ದರ ಶೇಕಡಾ 70ರಿಂದ 50ಕ್ಕೆ, ಮುಂದೆ 28ಕ್ಕೆ ಇಳಿಯಿತು. ಆದರೆ ಸೈನ್ಯದ ಖರ್ಚು ಇಳಿಯಲಿಲ್ಲ, ಏರಿತು. 1982ರಲ್ಲೇ ಕೆಲವು ತೆರಿಗೆಗಳನ್ನು ಮತ್ತೆ ಹೆಚ್ಚಿಸಬೇಕಾಯಿತು. ರೇಗನ್ ಅವರ ಎಂಟು ವರ್ಷಗಳಲ್ಲಿ ಅಮೆರಿಕ ಸರ್ಕಾರದ ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಕಡಿಮೆ ತೆರಿಗೆಯ ಅರಸ ಕಡಿಮೆ ಖರ್ಚಿನವನೂ ಆಗಿದ್ದ ಎಂದು ಇಬ್ನ್ ಖಲ್ದೂನ್ ಬರೆದಿದ್ದರು. ಆ ಭಾಗ ಪತ್ರಿಕಾಗೋಷ್ಠಿಗೆ ಬರಲಿಲ್ಲ.

ನಮ್ಮಲ್ಲೂ 1973-74ರಲ್ಲಿ ಸರ್ಚಾರ್ಜ್ ಸೇರಿ ಆದಾಯ ತೆರಿಗೆಯ ಗರಿಷ್ಠ ದರ ಶೇಕಡಾ 97.75 ಇತ್ತು. ಮೇಲಿನ ಹಂತದಲ್ಲಿ ಗಳಿಸಿದ ಪ್ರತಿ ನೂರು ರೂಪಾಯಿಯಲ್ಲಿ ಕೈಗೆ ಉಳಿಯುತ್ತಿದ್ದುದು ಎರಡೂಕಾಲು ರೂಪಾಯಿ. ಇಷ್ಟು ದರವೇ ಜನರನ್ನು ತೆರಿಗೆ ತಪ್ಪಿಸಲು ಪ್ರೇರೇಪಿಸುತ್ತದೆ ಎಂದು ವಾಂಚೂ ಸಮಿತಿ ಹೇಳಿತ್ತು. ಮರುವರ್ಷ ಅದು 77ಕ್ಕೆ ಇಳಿಯಿತು, 1997-98ರಲ್ಲಿ 30ಕ್ಕೆ ಬಂತು. ಆ ಎರಡು ಸಂಖ್ಯೆಗಳ ನಡುವೆ ಎಲ್ಲಿ ವರಮಾನ ಅತಿ ಹೆಚ್ಚು ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರು ಇನ್ನೂ ಜಗಳವಾಡುತ್ತಾರೆ, ಪರೀಕ್ಷೆಯಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರ ಬರೆದರೆ ನಾನು ಪೂರ್ಣ ಅಂಕ ಕೊಡುವುದಿಲ್ಲ.

ಮುಕದ್ದಿಮದ ಇಂಗ್ಲಿಷ್ ಅನುವಾದವನ್ನು ಫ್ರಾಂಝ್ ರೋಸೆಂತಾಲ್ ಮೂರು ಸಂಪುಟಗಳಲ್ಲಿ ಮಾಡಿದ್ದಾರೆ. ಅದರ ಒಂದೇ ಸಂಪುಟದ ಸಂಕ್ಷಿಪ್ತ ಆವೃತ್ತಿಯೂ ಇದೆ. ಮೊದಲ ಪುಟದಿಂದ ಶುರು ಮಾಡಿದರೆ ಅರ್ಧಕ್ಕೆ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಮೂರನೇ ಅಧ್ಯಾಯದ ಕೊನೆಯ ಭಾಗದಲ್ಲಿ ತೆರಿಗೆಯ ಪ್ರಕರಣವಿದೆ. ಅಲ್ಲಿಂದ ಶುರು ಮಾಡಿ ಗೂಬೆಗಳ ಕಥೆಯವರೆಗೆ ಓದಿ, ಒಂದು ರಜೆಯ ದಿನ ಸಾಕು.